ಪಾರಿವಾಳಕ್ಕೆ ಬಲೆ: ಕಟ್ಟುವ ಮುನ್ನ ಎರಡು ಕೆಲಸ

ಮುಂಬೈಯ 51 ಕಬೂತರ್‌ಖಾನೆಗಳನ್ನು ಮುಚ್ಚಲು 2025ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಸೂಚಿಸಿತು. ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಲ್ಲಿ ಜಗಳ ಎದ್ದದ್ದು ಹಕ್ಕಿಯ ಮೇಲಲ್ಲ, ಕಾಳು ಹಾಕುವುದರ ಮೇಲೆ. ಕೊಯಮತ್ತೂರಿನ ಬಾಲ್ಕನಿಗಳಿಗೂ ತಿರುಪ್ಪೂರಿನ ಬನಿಯನ್ ಗೋದಾಮುಗಳಿಗೂ ಈ ಮಾತು ಅನ್ವಯಿಸುತ್ತದೆ.

ಒಣ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಡುಕು. ಸಿದ್ಧ ಬಟ್ಟೆಯ ಮೇಲೆ ಬಿದ್ದರೆ ನಷ್ಟ. ತಡೆ ಬೇಕು, ನಿಜ. ಆದರೆ ಒಬ್ಬರು ಕಾಳು ಹಾಕಿ ಇನ್ನೊಬ್ಬರು ಬಲೆ ಕಟ್ಟಿದರೆ ಹಕ್ಕಿಗಳು ಮೂರನೆಯವರ ಕಿಟಕಿಗೆ ಹೋಗುತ್ತವೆ, ಅಷ್ಟೆ. ಕಾಳು ನಿಲ್ಲಿಸುವ ತೀರ್ಮಾನ ಇಡೀ ಕಟ್ಟಡದ್ದಾಗಬೇಕು.

ಎರಡನೆಯದು, ಗೂಡು ನೋಡುವುದು. ಮೊಟ್ಟೆ ಒಡೆಯಲು ಸುಮಾರು 18 ದಿನ, ಮರಿ ಹಾರಲು ಮತ್ತೊಂದು ತಿಂಗಳು ಬೇಕು. ಅಷ್ಟು ಕಾಯದೆ ಬಲೆ ಬಿಗಿದರೆ ತಾಯಿ ಹೊರಗೆ, ಮರಿ ಒಳಗೆ ಹಸಿದು ಸಾಯುತ್ತದೆ. ಕೊಳೆತರೆ ವಾಸನೆಯೂ ನಮಗೇ.

ಆಮೇಲೆ 50 ಮಿಲಿಮೀಟರ್ ಕಣ್ಣಿನ ಬಲೆಯನ್ನು ಬಿಗಿಯಾಗಿ ಕಟ್ಟಿಸಿ. ಸಡಿಲವಾದರೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಅಂಟು, ವಿಷ ಬೇಡವೇ ಬೇಡ. ಹಳೆಯ ಹಿಕ್ಕೆಯನ್ನು ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ತೆಗೆಯಿರಿ.

ಬಲೆಯವರನ್ನು ಕರೆಸುವ ಮೊದಲು ನಿವಾಸಿಗಳ ಸಭೆ ಕರೆಯಿರಿ ಎಂದು ಸದಸ್ಯರನ್ನು ಕೋರುತ್ತೇವೆ.