ಏಡನ್ನಿನ ಹೂವು, ಸುಗಟೂರಿನ ತಾರಸಿ



ನಮ್ಮ ಸುಗಟೂರಿನಂತಹ ಬಯಲುಸೀಮೆಯ ಊರಿನಲ್ಲಿ ಹೂಗಿಡ ಬೆಳೆಸುತ್ತೇನೆಂದರೆ ಮೊದಲು ಏಳುವ ಪ್ರಶ್ನೆ ನೀರಿನದು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಯನ್ನೇ ನಂಬಿದ ಮನೆಯಲ್ಲಿ ಗುಲಾಬಿಗೆಂದು ದಿನವೂ ಬಿಂದಿಗೆ ನೀರು ಸುರಿಯಲು ಮನಸ್ಸು ಒಪ್ಪುವುದಿಲ್ಲ. ಅಂಥವರಿಗೆ ಹೇಳಿ ಮಾಡಿಸಿದ ಗಿಡ ಅಡೇನಿಯಂ, ಅಂದರೆ ಮರುಭೂಮಿಯ ಗುಲಾಬಿ.

ಹೆಸರಿಗಷ್ಟೇ ಗುಲಾಬಿ. ಇದು ನಮ್ಮ ಕಣಗಿಲೆಯ ಬಂಧು. ಯಮನಿನ ಏಡನ್ ಇದರ ಹೆಸರಿನಲ್ಲೇ ಇದೆ. 1761ರಲ್ಲಿ ಡೆನ್ಮಾರ್ಕಿನಿಂದ ಅರೇಬಿಯಕ್ಕೆ ಹೊರಟ ತಂಡದಲ್ಲಿದ್ದ ಪೀಟರ್ ಫೋರ್ಸ್ಕಾಲ್ ಈ ಗಿಡದ ಬಗ್ಗೆ ಬರೆದಿಟ್ಟರು. 1763ರಲ್ಲಿ ಅವರು ಯಮನಿನಲ್ಲೇ ತೀರಿಕೊಂಡರು. ಅವರ ಬರಹವನ್ನು ಜೊತೆಗಾರ ನೀಬೂರ್ 1775ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ತುಸು ಮೊದಲು, 1760ರಲ್ಲಿ, ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ್ದರು.

ಈ ಗಿಡ ಸಾಯುವುದು ಬಾಯಾರಿಕೆಯಿಂದಲ್ಲ, ನಮ್ಮ ಅತಿಯಾದ ಅಕ್ಕರೆಯಿಂದ. ಬುಡದ ದಪ್ಪ ಗಡ್ಡೆಯೇ ಅದರ ನೀರಿನ ತೊಟ್ಟಿ. ಕುಂಡಕ್ಕೆ ದೊಡ್ಡ ತೂತು ಬೇಕು. ದಪ್ಪ ಮರಳು ಹೆಚ್ಚಿರಲಿ, ಅದಕ್ಕೆ ಕೆಂಪು ಮಣ್ಣು ಮತ್ತು ಸ್ವಲ್ಪ ಕಳಿತ ಗೊಬ್ಬರ ಬೆರೆಸಿ. ತಾರಸಿಯ ನೇರ ಬಿಸಿಲಿಗೆ ಇಡಿ. ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಡಿಸೆಂಬರಿನ ಚಳಿಗೆ ಎಲೆ ಉದುರಿದರೆ ಗಾಬರಿಯಾಗಿ ನೀರು ಹೆಚ್ಚಿಸಬೇಡಿ, ಆಗ ಅದಕ್ಕೆ ನಿದ್ದೆಯ ಕಾಲ. ಜಡಿಮಳೆಯಲ್ಲಿ ಸೂರಿನಡಿಗೆ ಸರಿಸಿ. ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಇನ್ನೊಂದು ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಈ ಗಿಡದ ಹಾಲು ವಿಷ, ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಆಫ್ರಿಕದ ಬೇಟೆಗಾರರು ಇದನ್ನು ಬಾಣದ ತುದಿಗೆ ಸವರುತ್ತಿದ್ದರು. ತೆವಳುವ ಮಗುವಿದ್ದರೆ, ಅಂಗಳದಲ್ಲಿ ಆಡು ಕಟ್ಟುತ್ತಿದ್ದರೆ, ಕುಂಡ ಎತ್ತರದಲ್ಲಿರಲಿ. ಕೊಂಬೆ ಕತ್ತರಿಸಿದ ಕೈಯನ್ನು ಸೋಪಿನಿಂದ ತೊಳೆಯದೆ ಹಿಟ್ಟು ನಾದಬೇಡಿ.

ಹೂವಿನ ಫೋಟೊ ತೆಗೆಯಬಹುದೇ ಎಂದು ಕೆಲವು ಸಹೋದರಿಯರು ಕೇಳುತ್ತಾರೆ. ಕೈಯಿಂದ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವನೊಬ್ಬ ಇಬ್ನ್ ಅಬ್ಬಾಸ್‌(ರ)ರ ಬಳಿ ಬಂದಾಗ, ಬರೆಯಲೇಬೇಕಾದರೆ ಮರಗಳನ್ನೂ ಜೀವಾತ್ಮವಿಲ್ಲದ ವಸ್ತುಗಳನ್ನೂ ಬರೆ ಎಂದು ಅವರು ತಿಳಿಸಿದ ವಿಷಯ ಬುಖಾರಿಯಲ್ಲಿದೆ. ಕ್ಯಾಮೆರಾದ ಕುರಿತು ವಿದ್ವಾಂಸರ ಚರ್ಚೆ ಏನೇ ಇರಲಿ, ಗಿಡದ ಚಿತ್ರಕ್ಕೆ ಅಂಜಬೇಕಾಗಿಲ್ಲ.

ನನಗೆ ಅಂಜಿಕೆ ಬೇರೆ ಕಡೆ. ಈಗ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಸಸಿ ಮಾಡಿ, ಮೊಬೈಲಿನಲ್ಲಿ ಚಿತ್ರ ಕಳಿಸಿ ಮಾರುತ್ತಾರೆ. ಹಲಾಲಾದ ಸಂಪಾದನೆ, ಸಂತೋಷ. ಆದರೆ ತಿಳಿಗುಲಾಬಿ ಹೂವನ್ನು ಮೊಬೈಲಿನಲ್ಲಿ ಕಡುಗೆಂಪು ಮಾಡುವುದು, ನೀಲಿ ಅಡೇನಿಯಂ ಬೀಜ ಎಂದು ಇಲ್ಲದ ಹೂವನ್ನು ತೋರಿಸುವುದು ವ್ಯಾಪಾರವೇ? ಬೀಜದಿಂದ ಹುಟ್ಟಿದ ಗಿಡ ತಾಯಿಗಿಡದ ಬಣ್ಣವನ್ನೇ ಕೊಡುತ್ತದೆಂಬ ಖಾತ್ರಿಯಿಲ್ಲ. ಅದೇ ಬಣ್ಣ ಬೇಕಾದರೆ ಕಸಿ ಕಟ್ಟಬೇಕು. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಬೇಕು.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದರು. ಅಡೇನಿಯಂ ಕೂಡ ಹಾಗೆಯೇ: ಮೇಲೆ ಹೂವು ನಗುತ್ತಿರುವಾಗಲೇ ಬುಡ ಒಳಗೊಳಗೇ ಕೊಳೆಯುತ್ತಿರಬಹುದು. ಬೆರಳಿನಿಂದ ಒತ್ತಿದರೆ ಮೆತ್ತಗಾಗುವ ಗಡ್ಡೆಯನ್ನು ಹೂವಿನ ಚಿತ್ರದ ಹಿಂದೆ ಬಚ್ಚಿಡಬೇಡಿ.

ಚಿತ್ರಕ್ಕೆ ಬೆಳಗಿನ ಎಳೆ ಬಿಸಿಲು ಒಳ್ಳೆಯದು, ನಡುಹಗಲಲ್ಲಿ ಗುಲಾಬಿ ಬಣ್ಣ ಬಿಳಚುತ್ತದೆ. ಹಿಂದೆ ಕಪ್ಪು ಬಟ್ಟೆ ಇಳಿಬಿಡಿ. ಕುಂಡದ ಮಟ್ಟಕ್ಕೆ ಕುಳಿತು ಬುಡವೂ ಕಾಣುವಂತೆ ಒಂದು, ಹೂವಿನದು ಒಂದು ತೆಗೆಯಿರಿ. ಮಾರುವುದಾದರೆ ಬುಡದ ಚಿತ್ರವನ್ನು ಮೊದಲು ಕಳಿಸಿ.