ಹೊಟ್ಟೆಯೊಳಗಿನ ಗಾಳಿ, ತಲೆಯೊಳಗಿನ ನೀರು

ಮೆದುಳಲ್ಲಿ ನೀರು ತುಂಬಿಕೊಳ್ಳೋ ಹೈಡ್ರೋಸೆಫಾಲಸ್ ಬಗ್ಗೆ ಕೇಳಿರ್ತೀರಿ. ಅಂಥ ಮಕ್ಕಳಿಗೆ ತಲೆಯಿಂದ ಹೊಟ್ಟೆವರೆಗೆ ಚರ್ಮದ ಕೆಳಗೆ ಒಂದು ಸಣ್ಣ ಕೊಳವೆ ಹಾಕಿರ್ತಾರೆ. ಅದೇ ಶಂಟ್. ಹೆಚ್ಚಾದ ನೀರು ಹೊಟ್ಟೆಗಿಳಿದು ಅಲ್ಲೇ ಇಂಗಿ ಹೋಗುತ್ತೆ.

ಈಗ ಆ ಮಗುವಿಗೆ ಅಪೆಂಡಿಕ್ಸ್ ತೊಂದರೆ ಬಂತು ಅಂದ್ಕೊಳ್ಳಿ. ಕೀಹೋಲ್ ಆಪರೇಷನ್ ಮಾಡಬಹುದಾ? ಅದಕ್ಕೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸ್ತಾರೆ. ಆ ಗ್ಯಾಸ್ ಕೊಳವೆ ಹತ್ತಿ ಮೆದುಳಿಗೆ ಹೋಗ್ಬಿಟ್ರೆ? ಈ ಭಯಕ್ಕೇ "ಶಂಟ್ ಇದೆಯಾ? ಹಾಗಾದ್ರೆ ಹೊಟ್ಟೆ ಕೊಯ್ದೇ ಮಾಡೋಣ" ಅನ್ನೋದು. ನನ್ನ ಪ್ರಕಾರ ಶಂಟ್ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನೋದು ಸರಿಯಲ್ಲ.

ನಾನು ಡಾಕ್ಟರಲ್ಲ, ಕೋಡ್ ಬರೆಯೋನು. ಆದ್ರೂ ಇಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರೋ ವಿಷಯವೇ. ಶಂಟ್‌ನಲ್ಲಿ ಒಂದೇ ದಿಕ್ಕಿಗೆ ತೆರೆಯೋ ವಾಲ್ವ್ ಇರುತ್ತೆ, ನಮ್ಮ ಬೋರ್‌ವೆಲ್ ಪೈಪಿನ ಎನ್‌ಆರ್‌ವಿ ಥರ. 1956ರಲ್ಲಿ ಅಮೆರಿಕದ ಜಾನ್ ಹೋಲ್ಟರ್ ಅನ್ನೋ ಮೆಕ್ಯಾನಿಕ್ ತನ್ನ ಮಗನಿಗೋಸ್ಕರ ಇಂಥದ್ದೊಂದು ವಾಲ್ವ್ ಮಾಡಿದ! 1999ರಲ್ಲಿ ಪ್ರಕಟವಾದ ಲ್ಯಾಬ್ ಪರೀಕ್ಷೆಯಲ್ಲಿ, ಆಪರೇಷನ್ನಿನಲ್ಲಿ ಬಳಸೋದಕ್ಕಿಂತ ಎಷ್ಟೋ ಹೆಚ್ಚಿನ ಹಿಮ್ಮುಖ ಒತ್ತಡವನ್ನೂ ವಾಲ್ವುಗಳು ತಡೆದುಕೊಂಡವು.

ಹಾಗಂತ ಮಾತು ಮುಗೀಲಿಲ್ಲ. ಗ್ಯಾಸ್ ಮೇಲೆ ಹೋಗದಿದ್ರೂ, ಹೊಟ್ಟೆಯಲ್ಲಿ ಒತ್ತಡ ಹೆಚ್ಚಾದಾಗ ನೀರು ಕೆಳಗಿಳಿಯೋದು ನಿಧಾನವಾಗಬಹುದು. 1997ರ ಒಂದು ವರದಿಯಲ್ಲಿ ಶಂಟ್ ಇದ್ದ ಇಬ್ಬರು ಮಕ್ಕಳಿಗೆ ಹೊಟ್ಟೆ ಉಬ್ಬಿಸಿದಾಗ ತಲೆಯೊಳಗಿನ ಒತ್ತಡ ಏರಿತ್ತು. ಆಮೇಲೆ ಬಂದ ವರದಿಗಳಲ್ಲಿ ಹೆಚ್ಚಿನವು ತೊಂದರೆಯಾಗಲಿಲ್ಲ ಅಂತಲೇ ಹೇಳ್ತವೆ. ಆದ್ರೆ ಅವೆಲ್ಲ ಸಣ್ಣವು, ಹಳೇ ಕೇಸ್ ಫೈಲ್ ತೆಗೆದು ನೋಡಿದಂಥವು. ಅದಕ್ಕೇ ಕಣ್ಣುಮುಚ್ಚಿ ಹ್ಞೂಂ ಅನ್ನೋದೂ ತಪ್ಪು.

ಇನ್ನು ಹೊಟ್ಟೆ ಕೊಯ್ಯೋದು ಪುಕ್ಕಟೆಯಾ? ನೋವು ಜಾಸ್ತಿ, ಒಳಗೆ ಕರುಳು ಅಂಟಿಕೊಳ್ಳೋದೂ ಜಾಸ್ತಿ. ಹಾಗೆ ಅಂಟಿಕೊಂಡ ಹೊಟ್ಟೆಯಲ್ಲಿ ಶಂಟ್‌ನ ನೀರು ಇಂಗೋದು ಕಷ್ಟ. ಸ್ಪೈನಾ ಬೈಫಿಡಾ ಇರೋ ಮಕ್ಕಳಿಗಂತೂ ಮೂತ್ರಕೋಶಕ್ಕೆ, ಕರುಳಿಗೆ ಅಂತ ಮತ್ತೆ ಮತ್ತೆ ಆಪರೇಷನ್ ಬೇಕಾಗುತ್ತೆ. ಅವರ ಹೊಟ್ಟೆಯಲ್ಲಿ ಜಾಗ ಉಳಿಸೋದೇ ಮುಖ್ಯ.

ಹಾಗಾಗಿ ತಂದೆತಾಯಿ ಕೇಳಬೇಕಾದ್ದು ಇಷ್ಟು: ಶಂಟ್ ಕೆಲಸ ಮಾಡ್ತಿದೆಯಾ ನೋಡಿದ್ರಾ? ನ್ಯೂರೋಸರ್ಜನ್ ಹತ್ರ ಮಾತಾಡಿದ್ರಾ? ಗ್ಯಾಸ್ ಒತ್ತಡ ಆದಷ್ಟು ಕಡಿಮೆ ಇಡ್ತೀರಾ? ಅಪೆಂಡಿಕ್ಸ್ ಒಡೆದು ಕೀವಾಗಿದ್ರೆ ಕೊಳವೆಯನ್ನ ಏನು ಮಾಡ್ತೀರಿ? ಆಪರೇಷನ್ ಆದ್ಮೇಲೆ ವಾಂತಿ, ತಲೆನೋವು, ವಿಪರೀತ ಮಂಪರು ಕಂಡ್ರೆ ಯಾರನ್ನ ಕರೀಬೇಕು?

ನಿಮಗೆ ಗೊತ್ತಿರೋ ಮನೇಲಿ ಇಂಥ ಮಗು ಇದ್ರೆ, ಶಂಟ್ ಯಾವುದು, ಯಾವಾಗ ಹಾಕಿದ್ದು ಅಂತ ಒಂದು ಚೀಟಿ ಬರೆದು ಇಟ್ಕೊಳ್ಳೋಕೆ ಹೇಳಿ. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಓಡುವಾಗ ಇದ್ಯಾವುದೂ ನೆನಪಾಗಲ್ಲ.

ಬ್ಲಾಗಿಗರಲ್ಲಿ ಡಾಕ್ಟರುಗಳಿದ್ದೀರಲ್ಲ, ನೀವೇನಂತೀರಿ?