ಕಾಯಕ ನಿಂತ ಗಳಿಗೆ



ಶರಣೆ ಆಯ್ದಕ್ಕಿ ಲಕ್ಕಮ್ಮನವರೆಂದೊಡನೆ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಿದ ಪ್ರಸಂಗವೇ ನಮಗೆ ನೆನಪಾಗುತ್ತದೆ. ಗೋಷ್ಠಿಯಲ್ಲಿ ಮೈಮರೆತಿದ್ದ ಮಾರಯ್ಯನವರಿಗೆ ಕಾಯಕ ನಿಂತುಹೋಗಿರುವುದನ್ನು ಆ ತಾಯಿ ಎಚ್ಚರಿಸಿದ ಪ್ರಸಂಗವೂ ಅಷ್ಟೇ ಹಿರಿದು. ಗೋಷ್ಠಿ ಕೆಟ್ಟದ್ದಲ್ಲ, ಆದರೆ ಅದು ಕಾಯಕದ ವೇಳೆಯನ್ನು ನುಂಗಬಾರದು. ನಮ್ಮ ಪ್ರಾಥಮಿಕ ಶಾಲೆಗಳ ಆಡಳಿತಕ್ಕೆ ಇಂದು ಇಂಥ ಲಕ್ಕಮ್ಮನವರ ಅವಶ್ಯಕತೆಯಿದೆ ಎಂಬುದು ನನ್ನ ಅಭಿಪ್ರಾಯ.

ಅಥಣಿ ಸೀಮೆಯ ತೋಟದ ಶಾಲೆಗಳನ್ನು ತಾವೆಲ್ಲರೂ ಬಲ್ಲಿರಿ. ಒಂದರಿಂದ ಐದನೆಯ ತರಗತಿ, ಬಹುಪಾಲು ಇಬ್ಬರೇ ಶಿಕ್ಷಕರು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರೆಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಇವರಲ್ಲೊಬ್ಬರು ಮುಖ್ಯಗುರುಗಳು. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಗಣಕಯಂತ್ರಕ್ಕೆ ತುಂಬಬೇಕಾದ ಮಾಹಿತಿ, ತಾಲೂಕು ಕೇಂದ್ರದ ಸಭೆ, ಎಲ್ಲವೂ ಅವರ ಪಾಲಿಗೆ. ಅವರು ಸಭೆಗೆ ಹೊರಟ ದಿನ ಐದೂ ತರಗತಿಗಳು ಒಬ್ಬರ ಕೊರಳಿಗೆ ಬೀಳುತ್ತವೆ. ಮಕ್ಕಳ ಗುಂಪುಗಳ ನಡುವೆ ಕುಳಿತು ಕಲಿಸಬೇಕಾದ ನಲಿ-ಕಲಿ ಆ ದಿನ ಗದ್ದಲ ಅಡಗಿಸುವ ಕೆಲಸವಾಗುತ್ತದೆ. ಅನ್ನದಾಸೋಹವನ್ನು ನಾನು ಹಳಿಯುತ್ತಿಲ್ಲ. ಮಠದ ಪ್ರಸಾದ ಉಂಡು ಓದಿದವನು ನಾನು. ಆದರೆ ಲೆಕ್ಕದ ವಹಿ ಗುರುವಿನ ಕೈಯಲ್ಲಿಯೇ ಇರಬೇಕೇ?

ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಬಹುಮಟ್ಟಿಗೆ ಶಿಕ್ಷಕರೇ. ಅದು ಮುಗಿಯದೆ ದಸರೆಯ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು.

ಶಿಕ್ಷಕರೆಲ್ಲರೂ ನಿರ್ದೋಷಿಗಳೆಂದು ನಾನು ಹೇಳಲಾರೆ. ತಡವಾಗಿ ಬರುವವರೂ ಇದ್ದಾರೆ, ಮೊಬೈಲಿನಲ್ಲಿ ಮುಳುಗಿದವರೂ ಇದ್ದಾರೆ. ಆದರೆ ತಪ್ಪು ಹಿಡಿಯುವುದಷ್ಟೇ ಆಡಳಿತವೆಂದು ತಿಳಿದ ಶಾಲೆಯಲ್ಲಿ ಒಳ್ಳೆಯ ಗುರುವೂ ವಹಿಯನ್ನು ಮೊದಲು ತಿದ್ದಿಕೊಳ್ಳುತ್ತಾರೆ, ಮಗುವಿನ ಪಾಟಿಯನ್ನು ಆಮೇಲೆ. ಏಕೆಂದರೆ ತಪಾಸಣೆಗೆ ಬಂದವರು ಕೇಳುವುದು ವಹಿಯನ್ನೇ. ಮುಖ್ಯಗುರುಗಳು ವಾರಕ್ಕೊಮ್ಮೆ ಸಹಶಿಕ್ಷಕರ ಪಾಠ ಕೇಳಿ, ಓದಲು ತಡವರಿಸುವ ಮಗುವಿನ ಕುರಿತು ಮಾತನಾಡುವ ಶಾಲೆಯ ರೀತಿಯೇ ಬೇರೆ. ಅಲ್ಲಿಯ ಶಿಕ್ಷಕರು ಸೋಮವಾರ ದರ್ಶನಕ್ಕೆ ಬಂದಾಗ ಮಕ್ಕಳ ಸುದ್ದಿ ಹೇಳುತ್ತಾರೆ. ಉಳಿದವರು ವರ್ಗಾವಣೆಯ ಸುದ್ದಿ ಹೇಳುತ್ತಾರೆ.

2001ರಿಂದ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳಲ್ಲಿ ತಂದೆತಾಯಿಗಳೇ ಸದಸ್ಯರು, ಅವರಲ್ಲೊಬ್ಬರೇ ಅಧ್ಯಕ್ಷರು. ಮಠದ ಭಕ್ತರಲ್ಲಿಯೂ ಅಂಥವರು ಅನೇಕರಿದ್ದೀರಿ. ಕಟ್ಟಡ, ಕಾಂಪೌಂಡು, ಧ್ವಜಾರೋಹಣದ ಸಿಹಿ ಇವುಗಳ ಚರ್ಚೆ ನಡೆಯಲಿ. ಅದಕ್ಕೂ ಮುನ್ನ, ಕಳೆದ ತಿಂಗಳು ಎಷ್ಟು ದಿನ ಇಬ್ಬರೂ ಗುರುಗಳು ತರಗತಿಯಲ್ಲಿದ್ದರು, ಇಲ್ಲದ ದಿನ ಅವರನ್ನು ಕರೆದವರು ಯಾರು ಎಂದು ಬರುವ ಸಭೆಯಲ್ಲಿ ಕೇಳಿರಿ. ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿರಿ.